ಸುಣ್ಣ ಹಾಕದ ನೀಲಿ

ಮಲ್ಲಂದೂರಿನ ದೇವರಾಜ ವರ್ಷಕ್ಕೊಮ್ಮೆ ಸಾಯುತ್ತಿದ್ದ. ಕಾಫಿ ಕೊಯ್ಲು ಮುಗಿದು, ಮೂಟೆಗಳೆಲ್ಲ ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಊರಿನ ಕಲಾ ಸಂಘದವರು ಸ್ಕೂಲಿನ ಮೈದಾನದಲ್ಲಿ ಒಂದು ನಾಟಕ ಆಡುವುದು ಪದ್ಧತಿ. ಆ ನಾಟಕದ ಕೊನೆಯಲ್ಲಿ ಯಾವುದಾದರೂ ದೊಡ್ಡ ಎಸ್ಟೇಟಿನ ಹುಡುಗನೊಬ್ಬ ಬಂದು ದೇವರಾಜನನ್ನು ಕೊಲ್ಲಬೇಕು. ಒಂದು ವರ್ಷ ಕತ್ತಿಯಿಂದ, ಇನ್ನೊಂದು ವರ್ಷ ಬಂದೂಕಿನಿಂದ, ಬಂದೂಕಿಗೆ ಲೈಸೆನ್ಸಿನ ತಕರಾರು ಬಂದ ವರ್ಷ ಬರೀ ಶಾಪದಿಂದ. ಕೊಲ್ಲುವವನಿಗೆ ಮಾತು ಮರೆತುಹೋಗುತ್ತಿತ್ತು, ಪಂಚೆ ಜಾರುತ್ತಿತ್ತು. ಸಾಯುವವನು ಮಾತ್ರ ಒಂದು ಸಲವೂ ತಪ್ಪಲಿಲ್ಲ. ರಂಗದ ತುಂಬ ಹೊರಳಾಡಿ, ಗಂಟಲಲ್ಲಿ ಗೊರಗೊರ ಸದ್ದು ಮಾಡಿ, ಕಣ್ಣು ಮೇಲೆ ಮಾಡಿ ಅವನು ಸಾಯುತ್ತಿದ್ದರೆ ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅವನ ಸಾವು ನೋಡುವುದಕ್ಕೆಂದೇ ಹೊರನಾಡಿನ ಕಡೆಯ ನೆಂಟರನ್ನು ಕರೆಸಿಕೊಂಡವರುಂಟು.

ಹೆಸರು ದೇವರಾಜ, ವೇಷ ಮಾತ್ರ ಯಾವತ್ತೂ ರಾಕ್ಷಸನದು. ಕಾರಣ ಎರಡು. ಒಂದು, ಆಳು ಕಪ್ಪು, ಎತ್ತರ, ದನಿ ಬೆಟ್ಟಕ್ಕೆ ಬೆಟ್ಟ ಉತ್ತರ ಕೊಡುವಂಥದ್ದು. ಎರಡನೆಯ ಕಾರಣ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಾಯಕನ ಪಾತ್ರ ದೊಡ್ಡ ತೋಟದ ಮನೆಗೆ ಹೋಗಬೇಕು. ದೇವರಾಜನಿಗಿದ್ದದ್ದು ಮೂರು ಎಕರೆ ಕಾಫಿ, ಅದರಲ್ಲೂ ಅರ್ಧ ಹಳೆಯ ಗಿಡ. ಬೆಳ್ಳಗಿನವರೆಲ್ಲ ಒಳ್ಳೆಯವರು, ಕಪ್ಪಗಿನವರೆಲ್ಲ ಕೆಟ್ಟವರು ಎಂದು ಯಾವ ದೇವರು ಬರೆದಿಟ್ಟನೋ ಕಾಣೆ. ನಮ್ಮ ಜನ ದೇವರ ವಿಗ್ರಹವನ್ನೇ ಕರಿಕಲ್ಲಲ್ಲಿ ಕೆತ್ತಿ, ಅದಕ್ಕೆ ಬೆಳ್ಳಿಯ ಮುಖವಾಡ ಹಾಕಿ ಕೈಮುಗಿಯುವವರು. ಇನ್ನು ದೇವರಾಜನನ್ನು ಬಿಟ್ಟಾರೆಯೇ?

ಮಗಳು ಮೇಘಶ್ರೀ ಮೂರು ವರ್ಷದವಳಿದ್ದಾಗ ಮೊದಲ ಸಲ ಅಪ್ಪನ ನಾಟಕ ನೋಡಿದಳು. ಮಾರನೆಯ ದಿನ ಅವನು ಬಣ್ಣ ತೊಳೆದು, ಹಂಡೆ ನೀರು ಸುರಿದುಕೊಂಡು, ಎಂದಿನ ಬನಿಯನ್ನಿನಲ್ಲಿ ಬಂದು ಕೈ ಚಾಚಿದರೆ ಮಗು ಕಿಟ್ಟನೆ ಕಿರುಚಿ ಅಮ್ಮನ ಹಿಂದೆ ಅಡಗಿತು. ಎಷ್ಟೋ ದಿನ ಹತ್ತಿರ ಬರಲಿಲ್ಲ. ಊರವರು ಅದನ್ನು ಹೇಳಿಕೊಂಡು ನಕ್ಕರು, ದೇವರಾಜನೂ ನಕ್ಕ. ಆದರೆ ಆ ದಿನದಿಂದ ಅವನ ಹೊಟ್ಟೆಯೊಳಗೆ ಒಂದು ಆಸೆ ಕೂತುಬಿಟ್ಟಿತು: ಒಂದೇ ಒಂದು ಸಲ ಒಳ್ಳೆಯವನಾಗಿ ನಿಲ್ಲಬೇಕು. ಜನ ತನ್ನ ಮುಖ ನೋಡಿ ಚಪ್ಪಾಳೆ ತಟ್ಟಬೇಕು. ಅದನ್ನು ಮಗಳು ನೋಡಬೇಕು.

ನಾಟಕ ಬಿಟ್ಟರೆ ಇನ್ನೊಂದು ಕೆಲಸಕ್ಕೆ ಊರಿಗೆ ದೇವರಾಜ ಬೇಕಾಗುತ್ತಿತ್ತು. ಮಳೆಗಾಲದ ಮುಂಚೆ ಕಾಫಿಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ, ಅದನ್ನು ಹದವಾಗಿ ಕಲಸುವುದರಲ್ಲಿ ಅವನ ಕೈ ಪಳಗಿತ್ತು. ಕಲ್ಲುಸಕ್ಕರೆಯಂಥ ಹರಳಿನ ಮೈಲುತುತ್ತವನ್ನು ಒಂದು ಬ್ಯಾರಲ್ಲಿನಲ್ಲಿ ಕರಗಿಸುತ್ತಾರೆ. ನವಿಲಿನ ಕತ್ತಿನ ಬಣ್ಣ ಬರುತ್ತದೆ, ನೋಡಿದರೆ ಕಣ್ಣು ಕೀಳಲಾಗದು. ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಕೂಡಿಸಿದರೆ ತುತ್ತದ ಉರಿ ಸತ್ತು, ಬಣ್ಣ ತಿಳಿಯಾಗುತ್ತದೆ. ಸುಣ್ಣ ಕಡಿಮೆಯಾದರೆ ಎಲೆ ಸುಟ್ಟುಹೋಗುತ್ತದೆ. ಹದ ನೋಡುವುದಕ್ಕೆ ಕತ್ತಿಯ ಅಲಗನ್ನು ಅದ್ದುತ್ತಾರೆ. ಕಬ್ಬಿಣ ಕೆಂಪಗೆ ತಾಮ್ರದಂತಾದರೆ ಸುಣ್ಣ ಸಾಲದು ಎಂದರ್ಥ. ಅಲಗು ಕೆಂಪಾಗಿದ್ದೂ ಸ್ಪ್ರೇ ಮಾಡಹೊರಟವರನ್ನು ದೇವರಾಜ ನಾಟಕದ ದನಿಯಲ್ಲೇ ಬೈಯುತ್ತಿದ್ದ.

ಎರಡು ಸಾವಿರದ ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅರುಣ್ ಒಂದು ಪಿಕ್ಚರ್ ತೆಗೆಯುತ್ತೇನೆಂದು ಹೊರಟ. ಅರುಣ್ ಎಂದರೆ ಮದುವೆಗಳಿಗೆ ವಿಡಿಯೋ ಮಾಡುವ ಹುಡುಗ, ಊರಿನ ಕೇಬಲ್ ಕನೆಕ್ಷನ್ ಕೂಡ ಅವನದೇ. ವಧೂವರರನ್ನು ಹೃದಯದ ಚಿತ್ರದೊಳಗೆ ಕೂರಿಸಿ ಕೂರಿಸಿ ಅವನಿಗೆ ಬೇಜಾರಾಗಿತ್ತು. ಇಂಗ್ಲಿಷ್ ಪಿಕ್ಚರುಗಳಲ್ಲಿ ಹಾರುವ ವೀರರು ಬರುತ್ತಾರಲ್ಲ, ಮೈಗಂಟಿದ ಬಟ್ಟೆ, ಬೆನ್ನ ಮೇಲೆ ರೆಕ್ಕೆಯಂಥ ಕೆಂಪು ವಸ್ತ್ರ, ಮುಖಕ್ಕೆ ಮುಸುಕು, ಅಂಥವನೊಬ್ಬ ನಮ್ಮ ಕಾಫಿ ತೋಟದಲ್ಲೂ ಯಾಕಿರಬಾರದು ಎಂದು ಅವನ ವಾದ. ಹೆಸರು 'ಮಿಂಚುಗಾರ'. ತೋಟ ಕಾಯುತ್ತಾನೆ, ಮರಗಳ್ಳರನ್ನು ಹಿಡಿಯುತ್ತಾನೆ, ಕೊನೆಗೆ ಗುಡ್ಡದ ನೆತ್ತಿಯಲ್ಲಿ ಮುಸುಕು ತೆಗೆದು ಜನರಿಗೆ ಮುಖ ತೋರಿಸುತ್ತಾನೆ. ದೀಪಾವಳಿಗೆ ಊರ ಕೇಬಲ್ಲಿನಲ್ಲಿ ಬಿಡುವುದು.

ಪಾತ್ರ ಹಂಚಿದ್ದು ಪರಮೇಶ್ವರಪ್ಪನವರ ಜಗಲಿಯ ಮೇಲೆ. ಊರಿನ ದೊಡ್ಡ ಎಸ್ಟೇಟು ಅವರದು. ಜೀಪು, ಜನರೇಟರು, ಶೂಟಿಂಗಿಗೆ ತೋಟ ಎಲ್ಲ ಅವರೇ ಕೊಡುವವರು. ಹೀಗಾಗಿ ಮಿಂಚುಗಾರ ಅವರ ಮಗ ಮೋಹಿತ್ ಎನ್ನುವುದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮರಗಳ್ಳರ ನಾಯಕ ದೇವರಾಜ. ಅದನ್ನೂ ಯಾರೂ ಹೇಳಬೇಕಿರಲಿಲ್ಲ.

ಬಟ್ಟೆ ಹೊಲಿದವನು ಸ್ಕೂಲ್ ಯೂನಿಫಾರಂ ಹೊಲಿಯುವ ಟೈಲರ್ ಗುರುವಯ್ಯ. ಅರುಣ್ ತೋರಿಸಿದ ಚಿತ್ರ ನೋಡಿ ನೋಡಿ, ನೀಲಿ ಹೊಸಿಯರಿ ಬಟ್ಟೆಯಲ್ಲಿ ಕಾಲಿನಿಂದ ತಲೆಯವರೆಗೆ ಒಂದೇ ಚೀಲದಂಥದ್ದು ಹೊಲಿದಿದ್ದ. ಅದರ ಮೇಲೆ ಕೆಂಪು ಸ್ಯಾಟಿನ್ ಚಡ್ಡಿ. ಒಳಗೆ ಹಾಕಿದರೆ ಕಾಣುವುದಿಲ್ಲ, ಮೇಲೇ ಹಾಕಬೇಕು, ಚಿತ್ರದಲ್ಲಿ ಹಾಗೇ ಇದೆ ಎಂದು ಗುರುವಯ್ಯ ಖಡಾಖಂಡಿತವಾಗಿ ಹೇಳಿದ.

ಮೋಹಿತ್ ಅದನ್ನು ಹಾಕಿಕೊಂಡು ಜಗಲಿಗೆ ಬಂದದ್ದೇ ಬಂದದ್ದು, ಕಣದಲ್ಲಿ ಮೆಣಸು ಹರವುತ್ತಿದ್ದ ಹೆಣ್ಣಾಳುಗಳು ಬುಟ್ಟಿ ಬಿಟ್ಟು ಕೂತರು. ಒಬ್ಬಳು ನಗು ತಡೆಯಲಾರದೆ ಕಣದ ಆಚೆಗೇ ಓಡಿದಳು. ಹುಡುಗನ ಬೆಳ್ಳನೆಯ ಮುಖ ಚಡ್ಡಿಯಷ್ಟೇ ಕೆಂಪಾಯಿತು.

"ತೆಗಿ ಅದನ್ನ!" ಎಂದರು ಪರಮೇಶ್ವರಪ್ಪನವರು. "ನಾಳೆ ಇದೇ ಆಳುಗಳ ಹತ್ರ ಇವ್ನು ಕೆಲ್ಸ ತಗೀಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಚಡ್ಡಿ ಮೇಲೆ ಹಾಕ್ಕೊಂಡು ಓಡೋದಕ್ಕಾ ನಾವು ಇವನ್ನ ಡಿಗ್ರಿ ಓದ್ಸಿದ್ದು?"

ಅರುಣ್ ತಲೆಯ ಮೇಲೆ ಕೈಹೊತ್ತು ಕೂತ. ಬಟ್ಟೆ ಹೊಲಿದಾಗಿದೆ, ಹೀರೋ ಇಲ್ಲ. ಬೇರೆ ಎಸ್ಟೇಟುಗಳ ಹುಡುಗರನ್ನೂ ಕೇಳಿದ್ದಾಯಿತು. ಪರಮೇಶ್ವರಪ್ಪನವರ ಮಗ ಒಲ್ಲೆ ಎಂದ ಚಡ್ಡಿಯನ್ನು ಅವರೇಕೆ ಹಾಕಿಕೊಂಡಾರು? ಆಗ ಜಗಲಿಯ ಕಂಬಕ್ಕೊರಗಿದ್ದ ದೇವರಾಜ ಎದ್ದು ನಿಂತ.

"ನಾನ್ ಹಾಕ್ಕೊಳ್ಲಾ?"

ಜಗಲಿಯ ಮೇಲಿದ್ದವರೆಲ್ಲ ಅವನತ್ತ ತಿರುಗಿದರು. ಆಮೇಲೆ ಪರಮೇಶ್ವರಪ್ಪನವರೇ ನಕ್ಕು, "ಹಾಕ್ಕೊಳ್ಲಿ ಬಿಡ್ರೋ. ಹೆಂಗೂ ಮುಖ ಮುಚ್ಚಿರುತ್ತಲ್ಲ, ಯಾರಾದ್ರೆ ಎಂತ?" ಎಂದರು.

ಹಾಗೆ, ನಲವತ್ತು ದಾಟಿದ ಮೇಲೆ, ಒಂದು ಚಡ್ಡಿಯ ದೆಸೆಯಿಂದ ದೇವರಾಜ ನಾಯಕನಾದ. ಅವನು ಒಂದು ವಿಷಯ ಬಿಡದೆ ಕೇಳಿದ. "ಅರುಣಾ, ಕೊನೇಲಿ ಮುಸುಕು ತಗೀತಾನೆ ಅಂತ ಕತೆ ಹೇಳಿದ್ದೆಯಲ್ಲ, ಅದೂ ನಾನೇ ಅಲ್ವಾ ಮಾರಾಯ?"

"ನೀವೇ ಅಣ್ಣ. ಮತ್ಯಾರು?" ಎಂದ ಅರುಣ್. ಆ ಹೊತ್ತಿಗೆ ಅವನು ಸುಳ್ಳು ಹೇಳಲಿಲ್ಲ.

ಮೋಹಿತನ ಅಳತೆಯ ಬಟ್ಟೆಗೆ ದೇವರಾಜನ ಮೈ ಹಿಡಿಸಬೇಕಲ್ಲ. ಗುರುವಯ್ಯ ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೊಟ್ಟ. ಆದರೂ ಒಳಗೆ ಇಳಿಯಲಾಗದೆ, ಬೆನ್ನಿನ ಕಡೆ ನೆತ್ತಿಯಿಂದ ಸೊಂಟದವರೆಗೆ ಸೀಳಿ ಉದ್ದದ ಕಬ್ಬಿಣದ ಜಿಪ್ ಹಾಕಿದ. ಮುಸುಕು ಬಟ್ಟೆಗೇ ಸೇರಿಕೊಂಡಿತ್ತು, ಎರಡು ಪದರ, ಕಣ್ಣಿಗೆ ಎರಡು ತೂತು. ಕೊನೆಗೆ ಮುಖ ತೋರಿಸುವಾಗಿನ ಮಟ್ಟಿಗೆ ಬೇರೆ ಬಿಡಿ ಮುಸುಕು ಹೊಲಿದುಕೊಡುತ್ತೇನೆಂದ. ಈ ಜಿಪ್ಪನ್ನು ಹಾಕಿಕೊಂಡವನು ತಾನಾಗಿ ತೆಗೆಯುವಂತಿರಲಿಲ್ಲ. ಒಂದಕ್ಕೆ ಹೋಗಬೇಕೆಂದರೂ ಯಾರನ್ನಾದರೂ ಕರೆಯಬೇಕು. ಲೋಕ ಕಾಯುವ ವೀರ ಕಾಫಿ ಗಿಡದ ಮರೆಯಲ್ಲಿ ನಿಂತು "ಗುರುವಯ್ಯಾ, ಬಾರೋ ಬೇಗ" ಎಂದು ಕೂಗುವುದನ್ನು ಕೇಳಿ ಶೂಟಿಂಗಿಗೆ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅದೊಂದೇ ಅಲ್ಲ. ಬೆನ್ನ ಮೇಲಿನ ಕೆಂಪು ವಸ್ತ್ರ ಹೆಜ್ಜೆಗೊಂದು ಸಲ ಕಾಫಿ ಗಿಡದ ಕವಲಿಗೆ ಸಿಕ್ಕಿಕೊಂಡು, ಕಾಯಿ ಕಟ್ಟಿದ ರೆಂಬೆ ಲಟಲಟ ಮುರಿದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಓಡಿ ಬಂದು ಬೈಯುತ್ತಿದ್ದ. ಹಾರುವ ದೃಶ್ಯಕ್ಕೆ ಜೀಪಿನ ಮುಂದೆ ಹಲಗೆ ಕಟ್ಟಿ ಅದರ ಮೇಲೆ ಅವನನ್ನು ಬೋರಲು ಮಲಗಿಸಿ ಓಡಿಸಿದರು. ಗಂಬೂಟಿಗೆ ಕೆಂಪು ಪೇಂಟ್ ಬಳಿದಿದ್ದರು, ಒಳಗೆ ಜಿಗಣೆಯಂಥ ಇಂಬಳ ಸೇರಿಕೊಂಡರೆ ಸಂಜೆ ಬೂಟು ಕಳಚುವವರೆಗೆ ರಕ್ತದಾನ. "ಹಾರೋನಿಗೆ ಬೆನ್ನಿಗೆ ಈ ಬಟ್ಟೆ ಎಂತಕ್ಕೆ ಮಾರಾಯ? ಕಂಬಳಿ ಕೊಪ್ಪೆಯಾದ್ರೆ ಮಳೆನಾದ್ರೂ ತಡೀತಿತ್ತು" ಎಂದು ದೇವರಾಜ ಕೇಳಿದರೆ, ಅರುಣ್ "ಎಲ್ಲ ಹೀರೋಗೂ ಇರುತ್ತೆ ಅಣ್ಣ" ಎಂದಷ್ಟೇ ಹೇಳುತ್ತಿದ್ದ.

ಆದರೂ ದೇವರಾಜ ಒಂದು ದಿನವೂ ಬೇಸರಪಡಲಿಲ್ಲ. ಹೆಂಡತಿ ರಂಗಮ್ಮ ಮೊದಲು ಹಣೆ ಚಚ್ಚಿಕೊಂಡಳು. "ಹೈಸ್ಕೂಲಿಗೆ ಹೋಗೋ ಮಗಳನ್ನ ಇಟ್ಕಂಡು ಈ ವೇಷ ಬೇಕಿತ್ತಾ ನಿಮ್ಗೆ?" ಎಂದಳು. ಮೇಘಶ್ರೀಗೂ ನಾಚಿಕೆಯಾಗಿತ್ತು. ಆದರೆ ಒಂದು ಸಂಜೆ ಅವಳು ಅಪ್ಪನ ಬೂಟಿನಿಂದ ಇಂಬಳ ಬಿಡಿಸುತ್ತ ಕೂತವಳು ತಲೆಯೆತ್ತಿ ಕೇಳಿದಳು.

"ಅಪ್ಪಾ, ಈ ಸಲ ಸಾಯಲ್ವಾ ನೀನು?"

"ಇಲ್ಲ ಕಣೆ. ಈ ಸಲ ಸಾಯಲ್ಲ."

ಮಗಳು ಮುಖವರಳಿಸಿ ನಕ್ಕಳು. ಆ ನಗುವಿಗೆ ಅವನು ಏನನ್ನು ಬೇಕಾದರೂ ಮೈಮೇಲೆ ಹಾಕಿಕೊಳ್ಳಲು ತಯಾರಿದ್ದ.

ಮೇ ತಿಂಗಳಲ್ಲಿ ಒಂದು ದಿನ ಗುಡುಗು ಕೂಡಿ ಮಳೆ ಹೊಯ್ದು ಬಟ್ಟೆಯ ನೀಲಿಯೆಲ್ಲ ಬಿಟ್ಟುಕೊಂಡಿತು. ದೇವರಾಜನ ಮೈ ನೀಲಿಯಾಯಿತು, ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಮಚ್ಚೆ ಬಿತ್ತು. ಅದೇ ಬಟ್ಟೆ ಚಿಕ್ಕಮಗಳೂರಿನ ಅಂಗಡಿಯಲ್ಲಿ ಮುಗಿದಿತ್ತು. ಉಳಿದದ್ದು ಮೂರು ನಾಲ್ಕು ಸೀನು, ಅದರಲ್ಲಿ ಗುಡ್ಡದ ನೆತ್ತಿಯದೂ ಒಂದು. ಅರುಣ್ ಬಿಟ್ಟೇಬಿಡೋಣ ಅನ್ನುವ ಮಾತಾಡಿದ. ಬಿಡುವುದೆಂದರೆ ದೇವರಾಜನಿಗೆ ಪ್ರಾಣ ಹೋದ ಹಾಗಾಯಿತು. "ನೀ ಸುಮ್ನಿರು, ಬಣ್ಣ ನಾನ್ ನೋಡ್ಕೊಳ್ತೀನಿ" ಎಂದು ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ.

ಬಟ್ಟೆಗೆ ಬಣ್ಣ ಹಾಕುವವರು ಬೇರೆ ಊರಿನಲ್ಲಿ ಎಂತೆಂಥದೋ ಪುಡಿ ಹುಡುಕಿಕೊಂಡು ಹೋಗುತ್ತಾರೆ. ದೇವರಾಜನಿಗೆ ನೀಲಿ ಎಂದರೆ ಒಂದೇ ನೀಲಿ ಗೊತ್ತಿತ್ತು. ಅದು ಮನೆಯ ಹಿಂದೆ ಬ್ಯಾರಲ್ಲಿನ ಪಕ್ಕ ಚೀಲದಲ್ಲೇ ಇತ್ತು, ಬೋರ್ಡೋ ಕಾಲ ಬೇರೆ. ಮೊದಲು ಹಳೆಯ ಟವೆಲಿನ ಎರಡು ತುದಿಗಳನ್ನು ಅದ್ದಿ ನೋಡಿದ. ಸುಣ್ಣ ಕೂಡಿದ ನೀರಿಗೆ ಅದ್ದಿದ ತುದಿ ಸರ್ಕಾರಿ ಆಸ್ಪತ್ರೆಯ ಗೋಡೆಯ ಹಾಗೆ ಪೇಲವವಾಯಿತು. ಬರೀ ತುತ್ತಕ್ಕೆ ಅದ್ದಿದ್ದು ಮಾತ್ರ ಒಣಗಿದಾಗ ಹರಳುಹರಳಾಗಿ ಮಿಂಚಿತು.

"ಸುಣ್ಣ ಹಾಕ್ಲಿಲ್ವಾ?" ಎಂದು ರಂಗಮ್ಮ ಕೊಟ್ಟಿಗೆಯಿಂದಲೇ ಕೇಳಿದಳು.

"ಇದು ಎಲೆಗಲ್ಲ ಕಣೆ, ಬಟ್ಟೆಗೆ."

ಬಟ್ಟೆಯನ್ನು ಗಟ್ಟಿ ತುತ್ತದ ನೀರಿನಲ್ಲಿ ನೆನೆಹಾಕಿದ. ಮುಸುಕು ಎರಡು ಪದರವಾದ್ದರಿಂದ ಅದನ್ನು ಇನ್ನಷ್ಟು ಹೊತ್ತು ಬಿಟ್ಟ. ಹಿಂಡಲಿಲ್ಲ, ಜಾಲಾಡಲಿಲ್ಲ, ಬಣ್ಣ ಹೋದೀತೆಂಬ ಭಯ. ಕಣದಲ್ಲಿ ಹರವಿ ಒಣಗಿಸುವಾಗ ಜಿಪ್ಪಿನ ಹಲ್ಲುಗಳು ಕೆಂಪಗಾಗಿದ್ದವು. ದೇವರಾಜ ಅದನ್ನು ನೋಡಿದ. ನೋಡಿ, ನೀಲಿಗೆ ಒಳ್ಳೆ ಅಂಚು ಕೊಟ್ಟ ಹಾಗಿದೆ ಎಂದುಕೊಂಡ. ಅದೇ ಕೆಂಪನ್ನು ಬೇರೆಯವರ ಕತ್ತಿಯ ಮೇಲೆ ಕಂಡಿದ್ದರೆ ಅವನು ಊರಿಗೆ ಕೇಳುವಂತೆ ಕೂಗುತ್ತಿದ್ದ. ಆಸೆ ಎನ್ನುವುದು ಕಣ್ಣಿರುವವನನ್ನು ಹೇಗೆ ಕುರುಡು ಮಾಡುತ್ತದೆ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಅರುಣ್ ಬಟ್ಟೆ ನೋಡಿ ಕುಣಿದಾಡಿದ. "ಅಣ್ಣಾ, ಬಿಸಿಲಿಗೆ ಮಿಂಚ್ತಾ ಇದೆ! ಮಿಂಚುಗಾರ ಅಂದ್ರೆ ಇದು!" ಏನು ಹಾಕಿದಿರಿ ಎಂದು ಅವನು ಕೇಳಲೂ ಇಲ್ಲ. ಒಣ ಬಿಸಿಲಿನಲ್ಲಿ ಎರಡು ಸೀನು ತೆಗೆದರು. ಬೆವರಿದಾಗ ಕುತ್ತಿಗೆ, ಕಂಕುಳು ಉರಿಯುತ್ತಿತ್ತು. ಸಂಜೆ ದೇವರಾಜ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ವೇಷ ಎಂದ ಮೇಲೆ ಇಷ್ಟೂ ಇಲ್ಲದಿದ್ದರೆ ಹೇಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗುಡ್ಡದ ಸೀನಿಗೆ ಮಳೆ ಬೇಕೆಂದು ಅರುಣ್ ಹಟ ಹಿಡಿದಿದ್ದ. ಮಿಂಚುಗಾರ ಸೊಂಟದ ಮೇಲೆ ಕೈಯಿಟ್ಟು ಮಳೆಯಲ್ಲಿ ನಿಲ್ಲುತ್ತಾನೆ; ಮಳೆ ನಿಂತ ಮೇಲೆ ಮುಸುಕು ತೆಗೆಯುತ್ತಾನೆ. ಜೂನ್ ಮೊದಲಲ್ಲಿ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಕ್ಯಾಮೆರಾ, ಛತ್ರಿ, ಊರಿನ ಒಂದಷ್ಟು ಜನ ಎಲ್ಲರೂ ಗುಡ್ಡ ಹತ್ತಿದರು. ದೇವರಾಜ ಒಬ್ಬನೇ ನೆತ್ತಿಯ ಬಂಡೆಯ ಮೇಲೆ, ಉಳಿದವರು ಕೆಳಗೆ ದೂರದಲ್ಲಿ. ಮಳೆ ಬಂತು. ಮಲೆನಾಡಿನ ಮಳೆ, ಕೇಳಬೇಕೆ, ಕೊಡ ಕವುಚಿದ ಹಾಗೆ.

ಒಣಗಿ ಹರಳಾಗಿದ್ದ ತುತ್ತ ಕರಗಿತು. ನೆತ್ತಿಯ ಎರಡು ಪದರದಿಂದ ಇಳಿದ ನೀರು ಹಣೆಗೆ, ಹಣೆಯಿಂದ ಕಣ್ಣಿಗೆ. ಮೊದಲು ದೇವರಾಜ ರೆಪ್ಪೆ ಬಡಿದ. ಆಮೇಲೆ ಕಣ್ಣಿಗೆ ಕೆಂಡ ಇಟ್ಟಂತಾಯಿತು. ಸೊಂಟದ ಮೇಲಿನ ಕೈ ಮುಖಕ್ಕೆ ಹೋಯಿತು. ಎಳೆದ, ಮುಸುಕು ಬರಲಿಲ್ಲ. ಎಳೆದಷ್ಟೂ ಒದ್ದೆ ಬಟ್ಟೆ ಕಣ್ಣಿಗೆ ಒತ್ತಿಕೊಂಡಿತು. ಬೆನ್ನಿಗೆ ಕೈ ಹಾಕಿದ, ಜಿಪ್ಪಿನ ಹಿಡಿ ನೆತ್ತಿಯ ಮೇಲಿತ್ತು, ಸಿಕ್ಕರೂ ಕದಲಲಿಲ್ಲ. ಅವನು ಕೂಗಿದ. ಬಂಡೆಯ ಮೇಲೆ ಬಿದ್ದು ಹೊರಳಿದ. ಗಂಟಲಲ್ಲಿ ಗೊರಗೊರ ಸದ್ದು ಬಂತು.

ಕೆಳಗೆ ನಿಂತವರು ಚಪ್ಪಾಳೆ ತಟ್ಟಿದರು.

ಅವರನ್ನು ಬೈದು ಏನು ಪ್ರಯೋಜನ? ದೇವರಾಜ ಹೊರಳಾಡುವುದನ್ನು ಊರು ವರ್ಷಾ ವರ್ಷ ನೋಡಿತ್ತು, ಹೀಗೇ ನೋಡಿತ್ತು. "ಶುರು ಮಾಡಿದ್ರು ನೋಡಿ ದೇವರಾಜಣ್ಣ" ಎಂದು ಯಾರೋ ಅಂದರು. "ಕತೆಲಿ ಇದು ಇರ್ಲಿಲ್ಲ, ಆದ್ರೆ ಚೆನ್ನಾಗಿದೆ" ಎಂದು ಅರುಣ್ ಕ್ಯಾಮೆರಾ ನಿಲ್ಲಿಸಲಿಲ್ಲ. ಮಳೆಯ ಭೋರಿನಲ್ಲಿ ದೇವರಾಜನ ಮಾತು ಯಾರಿಗೂ ಕೇಳಿಸಲಿಲ್ಲ. ಎಷ್ಟು ಹೊತ್ತಾಯಿತೋ, ಕೊನೆಗೆ ಗುರುವಯ್ಯನ ಕಿವಿಗೆ ಒಂದು ಶಬ್ದ ಬಿತ್ತು. "ಜಿಪ್ಪು... ಗುರುವಯ್ಯಾ, ಜಿಪ್ಪು..." ಒಂದಕ್ಕೆ ಹೋಗಬೇಕಾದಾಗ ಕರೆಯುತ್ತಿದ್ದ ಅದೇ ಕೂಗು. ಗುರುವಯ್ಯ ನಗುತ್ತಲೇ ಗುಡ್ಡ ಹತ್ತಿದ. ಹತ್ತಿರ ಹೋದಾಗ ಅವನ ನಗು ನಿಂತಿತು.

ಕಿಲುಬು ಹಿಡಿದ ಜಿಪ್ ಬರಲೇ ಇಲ್ಲ. ತೋಟದ ಆಳೊಬ್ಬನ ಸೊಂಟದಲ್ಲಿದ್ದ ಕತ್ತಿ ತೆಗೆದು ಮುಸುಕನ್ನು ಹಿಂದಿನಿಂದ ಕೊಯ್ದರು. ಹಳ್ಳದ ನೀರು ಹೊಯ್ದು ಹೊಯ್ದು ಕಣ್ಣು ತೊಳೆದರು. ಒದ್ದೆ ಬಟ್ಟೆಯ ಮೇಲೆ ಬಿಟ್ಟಿದ್ದ ಕತ್ತಿಯನ್ನು ಆಳು ಎತ್ತಿಕೊಂಡಾಗ ಅಲಗು ಕೆಂಪಾಗಿತ್ತು. ಅದನ್ನು ನೋಡಿದ ಮೇಲೆ ಅಲ್ಲಿದ್ದ ಕಾಫಿ ಬೆಳೆಗಾರರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆ ದಿನ ಕಣ್ಣಿಗೆ ಹರಳೆಣ್ಣೆ ಬಿಟ್ಟರು. ಮರುದಿನ ರೆಪ್ಪೆಗಳು ಬದನೆಕಾಯಿಯಂತೆ ಊದಿದಾಗ ಚಿಕ್ಕಮಗಳೂರಿಗೆ ಕರೆದೊಯ್ದರು, ಅಲ್ಲಿಂದ ಮಂಗಳೂರಿಗೆ. ಡಾಕ್ಟರು ಒಳ್ಳೆಯವರೇ, ಮುಚ್ಚುಮರೆ ಮಾಡಲಿಲ್ಲ. ಕಣ್ಣಿನ ಕರಿಗುಡ್ಡೆಯ ಮೇಲೆ ಪೊರೆಯಂತೆ ಗಾಯ ಕಟ್ಟಿದೆ. ಬಲಗಣ್ಣು ಹೋದಂತೆಯೇ, ಎಡಗಣ್ಣಿಗೆ ಹಗಲು ರಾತ್ರಿ ಗೊತ್ತಾದರೆ ಅದೇ ಪುಣ್ಯ ಎಂದರು.

ಆಸ್ಪತ್ರೆಗೆ ಅರುಣ್ ಮೂಸಂಬಿ ತೆಗೆದುಕೊಂಡು ಬಂದ. ಮಂಚದ ಪಕ್ಕ ಕೂತು ಅತ್ತ. ದೇವರಾಜನೇ ಅವನಿಗೆ ಸಮಾಧಾನ ಹೇಳಿದ. "ನಿಂದೇನು ತಪ್ಪಿಲ್ಲ ಮಾರಾಯ. ಸುಣ್ಣ ಹಾಕ್ದೆ ಇದ್ದದ್ದು ನಾನು." ಆಮೇಲೆ ಪಟ್ಟಿ ಕಟ್ಟಿದ ಮುಖವನ್ನು ಅವನ ದನಿಯ ಕಡೆಗೆ ತಿರುಗಿಸಿ, "ಆ ಮುಖದ ಸೀನೊಂದು ಉಳ್ಕಂತಲ್ಲ. ಕಾಣ್ದೇ ಇದ್ರೂ ನಿಂತ್ಕಳಕ್ಕೆ ಆಗುತ್ತೆ ನಂಗೆ. ಪಟ್ಟಿ ಬಿಚ್ಚೋ ತನಕ ಕಾಯ್ತೀಯಲ್ಲ?" ಎಂದ.

"ಕಾಯ್ತೀನಿ ಅಣ್ಣ."

ಪಟ್ಟಿ ಬಿಚ್ಚಿದರು. ಕಣ್ಣುಗಳು ಬೆಂದ ಮೀನಿನ ಕಣ್ಣಿನಂತೆ ಬೆಳ್ಳಗಾಗಿದ್ದವು, ಹುಬ್ಬಿನ ಸುತ್ತ ಚರ್ಮ ಸುಲಿದು ಕಲೆ ಕಟ್ಟಿತ್ತು. ಅರುಣ್ ಒಮ್ಮೆ ಮನೆಗೆ ಬಂದು ನೋಡಿದ, ಕಾಫಿ ಕುಡಿದ, ಹೋದ. ಮತ್ತೆ ಬರಲಿಲ್ಲ. ಕೇಬಲ್ಲಿನಲ್ಲಿ ಮಿಂಚುಗಾರನ ಜಾಹೀರಾತು ಆಗಲೇ ಓಡುತ್ತಿತ್ತು. ತೆಗೆದ ಸೀನುಗಳನ್ನು ನೋಡಿದ ಪರಮೇಶ್ವರಪ್ಪನವರ ಮನೆಯವರಿಗೆಲ್ಲ ಪಿಕ್ಚರ್ ಹಿಡಿಸಿಬಿಟ್ಟಿತ್ತು, ಈಗ ಯಾರಿಗೂ ನಗು ಬರುತ್ತಿರಲಿಲ್ಲ. ಕೊನೆಗೆ ಮುಖ ತೋರಿಸುವುದಷ್ಟೇ ತಾನೇ, ಅದಕ್ಕೆ ಚಡ್ಡಿ ಗಿಡ್ಡಿ ಏನೂ ಬೇಡವಲ್ಲ ಎಂದು ಅವರೇ ಅಂದರು. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಹೊಳವಾದ ಒಂದು ದಿನ ಅದೇ ಗುಡ್ಡದ ಮೇಲೆ ಮೋಹಿತ್ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಗುರುವಯ್ಯ ಹೊಲಿದ ಬಿಡಿ ಮುಸುಕನ್ನು ಕೈಯಲ್ಲಿ ಹಿಡಿದು ನಿಂತ. ಅರುಣ್ ತೆಗೆದ. ದೇವರಾಜನ ಮನೆಗೆ ಹೋಗಿ ಇದನ್ನು ಹೇಳುವ ಧೈರ್ಯ ಮಾತ್ರ ಅವನಿಗಾಗಲಿ, ಊರಿನ ಇನ್ನೊಬ್ಬರಿಗಾಗಲಿ ಬರಲಿಲ್ಲ. ನಮ್ಮ ಕಡೆ ಇದನ್ನೇ ದಾಕ್ಷಿಣ್ಯ ಎನ್ನುತ್ತೇವೆ.

ಆ ಮಳೆಗಾಲದ ನಡುವೆ ಎರಡನೆಯ ಬೋರ್ಡೋ ಹೊಡೆಯಬೇಕಾಯಿತು. ದೇವರಾಜ ಬ್ಯಾರಲ್ಲಿನ ಪಕ್ಕ ಕಲ್ಲಿನ ಮೇಲೆ ಕೂತು ಕೋಲಿನಿಂದ ಕದಡಿದ. ಕತ್ತಿ ಅದ್ದಿ, ಎತ್ತಿ, ರಂಗಮ್ಮನಿಗೆ ಹಿಡಿದು ತೋರಿಸಿ, "ಕೆಂಪಾಯ್ತಾ?" ಎಂದು ಕೇಳಿದ. ಇಲ್ಲ ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ಇನ್ನಷ್ಟು ಸುಣ್ಣ ಸುರಿಸಿದ, ಮತ್ತೆ ಅದ್ದಿ ಕೇಳಿದ, ಮತ್ತೆ ಸುರಿಸಿದ. ಕೊನೆಗೆ ಬ್ಯಾರಲ್ಲಿನಲ್ಲಿದ್ದದ್ದು ಬರೀ ಬಿಳಿ ನೀರಾಯಿತು. ರಂಗಮ್ಮ ಅದನ್ನೇ ಗಿಡಗಳಿಗೆ ಹೊಡೆಸಿದಳು, ಗಂಡನಿಗೆ ಏನೂ ಹೇಳಲಿಲ್ಲ. ಆ ವರ್ಷ ಅವರ ತೋಟದಲ್ಲಿ ಕಾಯೆಲ್ಲ ಕೊಳೆತು ಉದುರಿತು.

ಬಲಿಪಾಡ್ಯಮಿಯ ಮಧ್ಯಾಹ್ನ ಮಿಂಚುಗಾರ ಬಂತು. ದೇವರಾಜನ ಮನೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟಿವಿ. ಮೇಘಶ್ರೀ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಪಕ್ಕದ ಮನೆಯ ಕಲರ್ ಟಿವಿಗೆ ಹೋಗಿದ್ದಳು. ಹೋಗುವಾಗ ಅವಳು ಗೆಳತಿಯರಿಗೆ, "ಕೊನೇವರೆಗೂ ಕೂತ್ಕೊಳ್ರೇ, ಕೊನೇಲಿ ನಮ್ಮಪ್ಪ ಮುಖ ತೋರಿಸ್ತಾರೆ" ಎಂದದ್ದು ದೇವರಾಜನ ಕಿವಿಗೆ ಬಿದ್ದಿತ್ತು. ಹಬ್ಬದ ಹೊಸ ಅಂಗಿ ಹಾಕಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಅವನು ಟಿವಿಯ ಮುಂದೆ ಚಾಪೆಯ ಮೇಲೆ ಕೂತ.

ಜೀಪಿನ ಸದ್ದಿನ ಮೇಲೆ ಸಂಗೀತ ಹಾಕಿದ್ದರು. ರಂಗಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು: ಈಗ ಹಾರ್ತಾ ಇದ್ದೀರಿ, ಈಗ ಕಳ್ಳರನ್ನ ಹೊಡೀತಾ ಇದ್ದೀರಿ.

"ನೀಲಿ ಹೆಂಗ್ ಬಂದಿದೆ?"

"ನಮ್ ಟಿವಿಲಿ ಎಲ್ಲಿ ಕಾಣುತ್ತೆ? ಬೂದಿ ಥರ ಕಾಣುತ್ತೆ."

ಮಳೆಯ ಸದ್ದು ಬಂತು. ಅದರ ಹಿಂದೆಯೇ ಅವನದೇ ಕೂಗು, ಹೊರಳಾಟದ ಸದ್ದು. ಅರುಣ್ ಅದನ್ನು ಬಿಟ್ಟಿರಲಿಲ್ಲ. ರಂಗಮ್ಮ ಬಾಯಿಗೆ ಸೆರಗು ಹಿಡಿದುಕೊಂಡದ್ದು ಅವಳ ಉಸಿರಿನಿಂದಲೇ ಅವನಿಗೆ ತಿಳಿಯಿತು. ದೇವರಾಜ ಅಲುಗಾಡದೆ ಕೂತಿದ್ದ. ಇದು ಮುಗಿದ ಮೇಲಲ್ಲವೇ ಮುಖ. ಮಳೆ ನಿಂತಿತು, ಸಂಗೀತ ಏರಿತು. ಪಕ್ಕದ ಮನೆಯಲ್ಲಿ ಮಕ್ಕಳ ಗದ್ದಲ ಗಪ್ಪೆಂದು ನಿಂತಿತು.

"ಬಂತಾ? ಮುಖ ಬಂತಾ?"

"ಹ್ಞೂಂ," ಎಂದಳು ರಂಗಮ್ಮ. ತುಂಬ ತಡವಾಗಿ ಅಂದಳು.

ಮುಖದ ಸೀನು ತೆಗೆಯಲು ಅರುಣ್ ಮತ್ತೆ ಬಾರದಿದ್ದರಿಂದ, ಅವನು ಹಳೆಯ ಯಾವುದಾದರೂ ಮದುವೆಯ ವಿಡಿಯೋದಿಂದ ತನ್ನ ಮುಖ ತೆಗೆದು ಸೇರಿಸಿರಬಹುದು ಎಂದು ದೇವರಾಜ ಎಷ್ಟೋ ದಿನದಿಂದ ಅಂದುಕೊಂಡಿದ್ದ. ಈಗಿನ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುತ್ತಾರಂತೆ.

"ಹೆಂಗ್ ಕಾಣ್ತೀನಿ?"

"ಚೆನ್ನಾಗ್ ಕಾಣ್ತೀರಿ."

"ಚೆನ್ನಾಗಿ ಅಂದ್ರೆ? ಸರಿಯಾಗ್ ಹೇಳೆ."

ರಂಗಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ತೆರೆಯ ಮೇಲೆ ಏನು ಕಂಡಿತೋ ಅದನ್ನೇ ಹೇಳಿದಳು. "ಬೆಳ್ಳಗೆ, ಲಕ್ಷಣವಾಗಿ..." ಎಂದವಳು ಅರ್ಧಕ್ಕೇ ನಿಂತಳು.

ಹುಟ್ಟಿದಂದಿನಿಂದ ದೇವರಾಜನನ್ನು ಬೆಳ್ಳಗಿದ್ದಾನೆ ಎಂದವರಿಲ್ಲ, ಹೆತ್ತ ತಾಯಿಯೂ ಎಂದಿರಲಿಲ್ಲ. ಅವನು ಮಂಡಿಯ ಮೇಲೆ ಅಂಗೈ ಊರಿದ.

"ಮೋಹಿತ್ ಅವ್ರಾ?"

ಅವಳು ಅವನ ಕೈಯ ಮೇಲೆ ಕೈಯಿಟ್ಟಳು.

"ಆ ಬಟ್ಟೆ ಹಾಕ್ಕೊಂಡಿದಾರಾ?"

"ಇಲ್ಲ. ಪ್ಯಾಂಟು ಶರ್ಟಲ್ಲೇ ಇದಾರೆ."

ದೇವರಾಜ ತಲೆಯಾಡಿಸಿದ. ರಂಗಮ್ಮ ಎದ್ದು ಟಿವಿ ಆರಿಸಿದಳು. ಹೊರಗೆ ಬೇಲಿಯ ಹತ್ತಿರ ಹುಡುಗಿಯರ ಮಾತು ಕೇಳಿಬಂದು, ಒಂದೊಂದಾಗಿ ದೂರವಾಯಿತು.

"ಮೇಘ ಬರ್ತಾ ಇದಾಳೆ ಅಂತ ಕಾಣುತ್ತೆ," ಎಂದಳು ರಂಗಮ್ಮ. "ಏನಂತ ಹೇಳ್ಲಿ ಅವ್ಳಿಗೆ?"

"ಈ ಸಲಾನೂ ಸತ್ತ ಅಂತ ಹೇಳು."

ಮಗಳು ಎಂದಿನಂತೆ ಮುಂಬಾಗಿಲಿನಿಂದ ಬರಲಿಲ್ಲ. ಹಿತ್ತಲ ಬಾಗಿಲು ಸದ್ದಾಯಿತು, ಅವಳು ಅಡುಗೆಮನೆಯಲ್ಲೇ ನಿಂತಳು. ದೇವರಾಜ ಆ ಕಡೆಗೆ ಕೈ ಚಾಚಿದ. ಅವಳು ಬರಲಿ ಎಂದು ಕೈಯನ್ನು ಹಾಗೇ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದ.